ಗೆರೆಕಲ್ಲಿನ ತಲೆಗೆ ಸುಣ್ಣ

ಬೆಳಗಿನ ಒಂಬತ್ತರ ಲೆಕ್ಕ ಪರದೆಯ ಮೇಲೆ ಮೂಡಿದಾಗಲೇ ಪ್ರಮೀಳಾಳ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಸಂಜೆ ಐದೂವರೆಯ ಹೊತ್ತಿಗೆ ಅಳಿವೆ ಬಾಗಿಲಲ್ಲಿ ತೆರೆಯ ಎತ್ತರ ನಾಲ್ಕೂವರೆ ಅಡಿ ಎಂದು ಯಂತ್ರ ಹೇಳಿತು. ಆರು ಗಂಟೆಯ ಲೆಕ್ಕದಲ್ಲಿ ಅದು ಆರಡಿ ಇತ್ತು. ಕಡಿಮೆಯಾಯಿತಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಚಹಾದ ಲೋಟ ಕೈಗೆತ್ತಿಕೊಂಡಳು. ಕೆಟ್ಟ ಸುದ್ದಿಯನ್ನಾದರೆ ಹತ್ತು ಸಲ ತಿರುಗಿಸಿ ಮುರುಗಿಸಿ ನೋಡುತ್ತೇವೆ, ಒಳ್ಳೆಯ ಸುದ್ದಿಯನ್ನು ಹಾಗೇ ನುಂಗಿಬಿಡುತ್ತೇವೆ.

ಪಡುಕೋಡಿಯಲ್ಲಿ ಹೊಳೆ ಕಡಲನ್ನು ಸೇರುವ ಜಾಗಕ್ಕೆ ಅಳಿವೆ ಬಾಗಿಲು ಎನ್ನುತ್ತಾರೆ. ಎರಡೂ ಕಡೆ ಮರಳ ದಿಬ್ಬ, ನಡುವೆ ಅರವತ್ತು ಮಾರು ಅಗಲದ ನೀರು. ನೂರಿಪ್ಪತ್ತು ಬೋಟುಗಳಿಗೆ ಬಂದರು ಸೇರಲು ಅದೊಂದೇ ದಾರಿ. ಹೊರಗಿನ ಕಡಲು ಎಷ್ಟೇ ತೆಪ್ಪಗಿರಲಿ, ಇಲ್ಲಿ ಆಳ ಕಡಿಮೆಯಾದ್ದರಿಂದ ತೆರೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ. ಹಿಂದೆ ದಿಬ್ಬದ ಮೇಲೆ ತೆರೆ ಎಣಿಸುವವನೊಬ್ಬ ಇರುತ್ತಿದ್ದ. ದೊಡ್ಡ ತೆರೆಗಳು ಗುಂಪುಗುಂಪಾಗಿ ಬರುತ್ತವೆ, ಒಂದು ಗುಂಪು ದಾಟಿದ ಮೇಲೆ ಸ್ವಲ್ಪ ಬಿಡುವು. ಆ ಬಿಡುವನ್ನು ಎಣಿಸಿ ಹಿಡಿದು ಅವನು ಕೆಂಪು ಪಂಚೆಯನ್ನು ಮೇಲೆ ಕೆಳಗೆ ಬೀಸಿದರೆ ಬನ್ನಿ ಎಂದು ಅರ್ಥ, ಅಡ್ಡಕ್ಕೆ ಬೀಸಿದರೆ ನಿಲ್ಲಿ ಎಂದು. ಹಾಗೆ ಎಣಿಸಿದವರಲ್ಲಿ ಕೊನೆಯವನು ಪ್ರಮೀಳಾಳ ತಂದೆ ಹೆರಿಯ ಮೊಗವೀರ.

ಈಗ ಪಂಚೆಯ ಜಾಗದಲ್ಲಿ ದೀಪ ಬಂದು ಏಳು ವರ್ಷ. ಅಲೆ ಮುನ್ಸೂಚನಾ ಕೇಂದ್ರದ ಯಂತ್ರ ಮೂರು ಗಂಟೆಗೊಮ್ಮೆ ಇಡೀ ಕಡಲನ್ನು ತನ್ನ ಹೊಟ್ಟೆಯೊಳಗೆ ಕಟ್ಟಿ, ತೆರೆ ಎಬ್ಬಿಸಿ, ಬಾಗಿಲಲ್ಲಿ ಎಷ್ಟು ಎತ್ತರವಾಗುತ್ತದೆಂದು ಲೆಕ್ಕ ಹಾಕುತ್ತದೆ. ಹತ್ತಡಿಗಿಂತ ಕಡಿಮೆಯಿದ್ದರೆ ಗೋಪುರದ ದೀಪ ಹಸಿರು, ಹೆಚ್ಚಿದ್ದರೆ ಕೆಂಪು. ಅದೇ ಬಣ್ಣ ಪ್ರತಿ ಬೋಟಿನ ಪರದೆಯಲ್ಲೂ, ಪ್ರತಿ ಮನೆಯ ಮೊಬೈಲಿನಲ್ಲೂ ಕಾಣುತ್ತದೆ. ಏಳು ವರ್ಷದಲ್ಲಿ ಬಾಗಿಲಲ್ಲಿ ಒಂದು ಹೆಣ ಬಿದ್ದಿರಲಿಲ್ಲ. ಹೆಂಗಸರು ದೀಪ ನೋಡಿ ಅಕ್ಕಿ ಅಳೆಯುತ್ತಿದ್ದರು, ದಾರಿಯಲ್ಲಿ ಎದುರಾದವರು "ದೀಪ ಹಸ್ರಾ?" ಎಂದೇ ಕ್ಷೇಮ ಕೇಳುತ್ತಿದ್ದರು. ಹೊಸ ತಾಂಡೇಲರಿಗೆ ಬೋಟು ನಡೆಸಲು ಬರುತ್ತಿತ್ತೇ ಹೊರತು ತೆರೆ ಎಣಿಸಲು ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ಯಂತ್ರದ ಬಲೆ ಹೆಣೆದವಳು ಪ್ರಮೀಳಾ. ಕಚೇರಿಯಲ್ಲಿ ಅದನ್ನು ಮೆಶ್ ಎನ್ನುತ್ತಿದ್ದರು, ಅವಳ ಮನೆಯಲ್ಲಿ ಬಲೆ. ಕಡಲನ್ನೂ ಅದರ ಮೇಲಿನ ಗಾಳಿಯನ್ನೂ ಕೋಟಿಗಟ್ಟಲೆ ಪೆಟ್ಟಿಗೆಗಳಾಗಿ ಕತ್ತರಿಸಬೇಕು. ಒಂದೊಂದು ಪೆಟ್ಟಿಗೆಗೂ ಗೊತ್ತಿರುವುದು ತನ್ನೊಳಗೆ ಎಷ್ಟು ಪಾಲು ನೀರು ಎಂಬುದಷ್ಟೇ. ಪೆಟ್ಟಿಗೆ ಚಿಕ್ಕದಾದಷ್ಟೂ ತೆರೆಯ ಮೈಕಟ್ಟು ಚೆನ್ನಾಗಿ ಮೂಡುತ್ತದೆ. ದೊಡ್ಡದಾದರೆ ತೆರೆಯ ನೆತ್ತಿ ಅದರೊಳಗೆ ಕಲಸಿಹೋಗುತ್ತದೆ. ಹಾಗೆಂದು ಎಲ್ಲ ಕಡೆ ಚಿಕ್ಕದು ಹಾಕಿದರೆ ಸಂಜೆಯ ತೆರೆಯ ಲೆಕ್ಕ ಮುಗಿಯುವುದು ಮುಂದಿನ ವಾರ. ಆದ್ದರಿಂದ ಚಿಕ್ಕ ಪೆಟ್ಟಿಗೆ ಎಲ್ಲಿ, ದೊಡ್ಡದು ಎಲ್ಲಿ ಎಂದು ಆರಿಸುವುದರಲ್ಲೇ ಎಲ್ಲ ಜಾಣತನ. ಇದನ್ನು ತಂದೆಗೆ ಹೇಳಿದಾಗ ಅವನು ನಕ್ಕಿದ್ದ. "ಅದೆಂತ ದೊಡ್ ವಿದ್ಯೆ ಮಾರಾಯ್ತಿ? ಬಲಿಯ ಬಾಯಿಗೆ ದೊಡ್ಡ್ ಕಣ್ಣ್, ಮೀನ್ ಬಂದ್ ಸೇರು ಬಾಲಕ್ಕೆ ಸಣ್ಣ್ ಕಣ್ಣ್. ನಾವ್ ಮಾಡುದೂ ಅದೇ ಅಲ್ದಾ?"

ಅವಳು ಮಾಡಿದ್ದೂ ಅದನ್ನೇ. ನೀರಿನ ಮೇಲ್ಮೈ ಏಳುವ ಬೀಳುವ ಪಟ್ಟಿಯಲ್ಲಿ ಮಾತ್ರ ಅರ್ಧ ಅಡಿಯ ಪೆಟ್ಟಿಗೆ ಹಾಕಿದಳು. ಅದರ ಮೇಲೆ ಬರೀ ಗಾಳಿ ತಾನೇ, ಅಲ್ಲಿ ಆರಡಿಯ ಪೆಟ್ಟಿಗೆ ಸಾಕು. ಪಟ್ಟಿಯನ್ನು ಎಷ್ಟು ಎತ್ತರದವರೆಗೆ ಒಯ್ಯಬೇಕು ಎಂಬ ಪ್ರಶ್ನೆಗೂ ಅವಳು ತಡಕಾಡಬೇಕಾಗಲಿಲ್ಲ. ದಿಬ್ಬದ ತುದಿಯಲ್ಲಿ ಗೆರೆಕಲ್ಲು ಇತ್ತು. ನೀರಿನ ಮಟ್ಟದಿಂದ ಹದಿನಾಲ್ಕಡಿ ಎತ್ತರದ ಕರಿಕಲ್ಲು. ನಲವತ್ತು ವರ್ಷ ಹೆರಿಯ ಮೊಗವೀರ ದೊಡ್ಡ ತೆರೆ ಬಂದಾಗಲೆಲ್ಲ ಅದರ ನೆತ್ತಿ ಮುಟ್ಟಿದ ಜಾಗಕ್ಕೆ ಉಳಿಯಲ್ಲಿ ಗೆರೆ ಕೆತ್ತಿದ್ದ. ಪ್ರಮೀಳಾ ಟೇಪು ಹಿಡಿದು ಎಲ್ಲ ಗೆರೆಗಳನ್ನೂ ಅಳೆದಳು. ಎಲ್ಲಕ್ಕಿಂತ ಮೇಲಿನದು ಹದಿಮೂರೂವರೆ ಅಡಿ. ಹೆಚ್ಚುಕಡಿಮೆಗಿರಲಿ ಎಂದು ಎರಡೂವರೆ ಸೇರಿಸಿ ಹದಿನಾರಕ್ಕೆ ಪಟ್ಟಿ ಮುಗಿಸಿದಳು. ವರದಿಯಲ್ಲಿ ತಂದೆಯ ಹೆಸರು ಹಾಕಿದಳು. ಆ ಹಾಳೆ ಈಗಲೂ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ಈಗ ಊರಿಗೆಲ್ಲ ಹೆರಿಯಜ್ಜನಾದ ಅವನು ಇಂಗ್ಲಿಷ್ ಬಾರದಿದ್ದರೂ ಬಂದವರಿಗೆಲ್ಲ ತನ್ನ ಹೆಸರಿರುವ ಜಾಗ ತೋರಿಸುತ್ತಾನೆ.

ಮಧ್ಯಾಹ್ನದ ಲೆಕ್ಕ ಬಂತು. ನಾಲ್ಕಡಿ.

ಈ ಸಲ ಅವಳು ಲೋಟ ಕೆಳಗಿಟ್ಟಳು. ಲಕ್ಷದ್ವೀಪದ ಆಚೆ ತೆರೆ ಅಳೆಯಲು ತೇಲಿಬಿಟ್ಟಿದ್ದ ಹಳದಿ ಬುರುಡೆ ಬೆಳಗಿನಿಂದ ಕಳಿಸುತ್ತಿದ್ದ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದಳು. ಅಲ್ಲಿ ತೆರೆ ಏರುತ್ತಿತ್ತು. ಆರಡಿ, ಎಂಟು, ಒಂಬತ್ತೂವರೆ. ಅದಕ್ಕಿಂತ ವಿಚಿತ್ರವೆಂದರೆ ಒಂದು ತೆರೆಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಸೆಕೆಂಡು. ಮಾಮೂಲು ದಿನ ಎಂಟೋ ಹತ್ತೋ. ಎಲ್ಲೋ ಭೂಮಿಯ ತೆಂಕಣ ತುದಿಯಲ್ಲಿ ವಾರದ ಹಿಂದೆ ಎದ್ದ ಬಿರುಗಾಳಿ ಅಟ್ಟಿದ ತೆರೆಗಳಿವು. ಉದ್ದನೆಯ ತೆರೆ ಆಳದಲ್ಲಿ ತಲೆ ಬಗ್ಗಿಸಿಕೊಂಡು ಬರುತ್ತದೆ, ದಡ ಸೇರುವಾಗಲೇ ಅದು ಪೂರ್ತಿ ಎದ್ದು ನಿಲ್ಲುವುದು. ಹೀಗಿರುವಾಗ ಹೊರಗೆ ಏರುತ್ತಿದ್ದದ್ದು ಬಾಗಿಲಲ್ಲಿ ಇಳಿಯುವುದು ಹೇಗೆ?

ಕಿಟಕಿಯಾಚೆ ಮೇ ತಿಂಗಳ ಬಿಸಿಲು ಕಾಯುತ್ತಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಗೋಪುರದಲ್ಲಿ ಹಸಿರು ಉರಿಯುತ್ತಿತ್ತು.

"ಹೊರಗಿನ ಮರಳ ದಂಡೆಯ ಮೇಲೆ ತೆರೆ ಒಡೆದುಹೋಗ್ತದೆ ಪ್ರಮೀಳಾ, ಬಾಗಿಲಿಗೆ ಬರುವಾಗ ಸುಸ್ತಾಗಿರ್ತದೆ," ಎಂದರು ನಿರ್ದೇಶಕ ಡಾ. ಅಚ್ಯುತ ಮಧ್ಯಸ್ಥರು. "ನಿಮ್ಮದೇ ಲೆಕ್ಕ ಅಲ್ವಾ ಅದು? ಎರಡಡಿ, ಒಂದಡಿ, ಅರ್ಧ ಅಡಿ ಅಂತ ಮೂರು ಬಲೆಯಲ್ಲಿ ಮಾಡಿ ನೋಡಿದ್ದೀರಿ. ಮೂರೂ ಒಂದೇ ಉತ್ತರ ಕೊಟ್ಟಿತ್ತು."

ಹೌದು, ಕೊಟ್ಟಿತ್ತು. ಪೆಟ್ಟಿಗೆಯನ್ನು ಇನ್ನಷ್ಟು ಚಿಕ್ಕದು ಮಾಡಿದರೂ ಉತ್ತರ ಬದಲಾಗದಿದ್ದರೆ ಬಲೆ ಸರಿಯಿದೆ ಎಂದು ಲೆಕ್ಕ. ಈ ಕಸುಬಿನ ಎಲ್ಲರೂ ಒಪ್ಪುವ ಪರೀಕ್ಷೆ ಅದು. ಅದಕ್ಕಾಗಿ ಅವಳಿಗೆ ಶಾಲು ಹೊದಿಸಿದ್ದರು. ಆದರೂ ಅವಳು ಬುರುಡೆಯ ಅಂಕಿಗಳನ್ನು ಮತ್ತೊಮ್ಮೆ ತೆರೆದಳು. ಅಣ್ಣ ಚಂದ್ರಹಾಸನ ಬೋಟು 'ಜಲದುರ್ಗೆ' ಹತ್ತು ದಿನದ ಮೇಲೆ ಇವತ್ತು ಸಂಜೆ ಬಾಗಿಲು ದಾಟಲಿತ್ತು. ಅದರಲ್ಲಿ ಎಂಟು ಜನ. ಅದರ ಹಿಂದೆ ಇನ್ನೂ ಮೂವತ್ತು ಬೋಟು.

ಊಟಕ್ಕೆ ಮನೆಗೆ ಹೋದಳು. ಮನೆ ಕೇಂದ್ರದಿಂದ ಕೂಗಳತೆಯ ದೂರ. ಅತ್ತಿಗೆ ವಾರಿಜ ಗಂಡ ಬರುವ ಖುಷಿಯಲ್ಲಿ ಬಂಗಡೆಗೆ ಮಸಾಲೆ ಅರೆಯುತ್ತಿದ್ದಳು. ಹೆರಿಯಜ್ಜ ಜಗಲಿಯಲ್ಲಿ ಕಾಲು ಚಾಚಿ ಕೂತು ಹರಿದ ಬಲೆಗೆ ಕಣ್ಣು ಕಟ್ಟುತ್ತಿದ್ದ. ಮಗಳನ್ನು ಕಂಡವನೇ ಸೂಜಿ ನಿಲ್ಲಿಸಿದ.

"ಇವತ್ತ್ ತೆರಿ ಎಣ್ಸುಕೇ ಆತಿಲ್ಲೆ ಮಗಾ," ಎಂದ. "ಒಂದ್ ಬಿದ್ದ್ ಮತ್ತೊಂದ್ ಬಪ್ಪುದ್ರೊಳಗೆ ನಂಗೆ ಬಲಿದ್ ಒಂದ್ ಕಣ್ಣ್ ಕಟ್ಟಿ ಮುಗಿತ್ತ್. ದಿನಾ ಅರ್ಧವೂ ಆತಿಲ್ಲೆ."

"ಗಾಳಿ ಇಲ್ಯಲೆ ಅಪ್ಪಯ್ಯ. ಕಡ್ಲ್ ಎಣ್ಣಿ ಹೊಯ್ದಂಗ್ ಇತ್ತ್."

"ಅದೇ ಹೆದ್ರಿಕಿ. ಆ ವರ್ಷವೂ ಹಿಂಗೇ ಇದ್ದಿತ್."

"ಯಾವ ವರ್ಷ?"

"ನೀ ಹುಟ್ಟುಕ್ ಮುಂಚೆ. ಕಲ್ಲಿನ ತಲಿಗೆ ಮೊದ್ಲ್ ಸುಣ್ಣ ಹಾಕಿದ್ ವರ್ಷ."

ಪ್ರಮೀಳಾ ಗಂಜಿಯ ಬಟ್ಟಲಿಗೆ ಇಟ್ಟ ಕೈಯನ್ನು ಹಾಗೇ ನಿಲ್ಲಿಸಿದಳು. ಪ್ರತಿ ನೂಲ ಹುಣ್ಣಿಮೆಯಂದು ಊರವರು ಕಡಲಿಗೆ ಹಾಲೆರೆದು ಹೊಸ ವರ್ಷದ ಮೀನುಗಾರಿಕೆಗೆ ಇಳಿಯುವಾಗ, ಅಪ್ಪ ಗೆರೆಕಲ್ಲಿನ ನೆತ್ತಿಗೆ ಸುಣ್ಣ ಬಳಿಯುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಮಳೆಗೆ ತೊಳೆದುಹೋದದ್ದನ್ನು ಮತ್ತೆ ಬಳಿಯುವುದು ಪೂಜೆಯದೇ ಒಂದು ಭಾಗ ಎಂದುಕೊಂಡಿದ್ದಳು. ಟೇಪು ಹಿಡಿದು ಅಳೆದ ದಿನ ಆ ಸುಣ್ಣ ಅವಳ ಕೈಗೂ ಮೆತ್ತಿಕೊಂಡಿತ್ತು, ಸೀರೆಗೆ ಒರೆಸಿಕೊಂಡಿದ್ದಳು.

"ಸುಣ್ಣ ಹಾಕುದ್ ಪೂಜಿಗಲ್ದಾ?"

"ಪೂಜಿ ಮಾಡುದ್ ಕಡ್ಲಿಗೆ. ಕಲ್ಲಿಗೆಂತ ಪೂಜಿ?" ಹೆರಿಯಜ್ಜ ನಕ್ಕ. "ಗೆರಿ ಎಳುಕೆ ಕಲ್ಲ್ ಬೇಕಲೆ ಹೆಣ್ಣೇ. ತೆರಿ ಕಲ್ಲಿನ್ ಮೇಲಿಂದ್ಲೇ ಹೋದ್ರೆ ಗೆರಿ ಎಲ್ಲಿ ಎಳುದ್, ಗಾಳೀಲಾ? ಅದ್ಕೇ ತಲಿಗ್ ಸುಣ್ಣ. ಇದ್ಕಿಂತ ಮೇಲೆ ಬಂದಿತ್, ಎಷ್ಟ್ ಮೇಲೆ ಅಂದ್ ನಂಗ್ ಗೊತ್ತಿಲ್ಲೆ ಅಂದೇಳಿ. ಆವತ್ತ್ ಹನ್ನೊಂದ್ ಜನ ಹೋದ್ರ್."

"ನಂಗ್ ಎಂತಕೆ ಹೇಳ್ಲಿಲ್ಲೆ?"

"ನೀ ಕೇಳ್ಲಿಲ್ಯಲೆ."

ಕೇಳಿರಲಿಲ್ಲ. ಅಪ್ಪನ ಕಲ್ಲು, ಅಪ್ಪನ ಗೆರೆ, ಕೇಳುವುದೇನು ಎಂದು ಅಳೆದುಕೊಂಡು ಹೋಗಿದ್ದಳು. ಗೋಡೆಯ ಮೇಲಿನ ಹಾಳೆಯಲ್ಲಿ ಅವನ ಹೆಸರಿನ ಮುಂದೆಯೇ 'ಈವರೆಗಿನ ಗರಿಷ್ಠ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವನಿಗೆ ಅದನ್ನು ಓದಿ ಹೇಳಿದವರಿಲ್ಲ. ಹೇಳಿದ್ದರೆ ಆವತ್ತೇ ನಕ್ಕು ಸುಳ್ಳು ಎನ್ನುತ್ತಿದ್ದ.

ಅವಳು ಎಂಜಲು ಕೈಯಲ್ಲೇ ಎದ್ದು ಓಡಿದಳು.

ದಾರಿಯುದ್ದಕ್ಕೂ ಅವಳಿಗೆ ಯಂತ್ರದ ಹೊಟ್ಟೆಯೊಳಗಿನದು ಕಣ್ಣಿಗೆ ಕಟ್ಟುತ್ತಿತ್ತು. ತೆರೆ ಬರುತ್ತದೆ. ಹದಿನಾರಡಿಯವರೆಗೂ ಚಿಕ್ಕ ಪೆಟ್ಟಿಗೆ, ಅಲ್ಲಿಯವರೆಗೆ ಎಲ್ಲ ಸರಿ. ಹನ್ನೆರಡಡಿಯ ತೆರೆಗೂ ಹದಿನಾಲ್ಕಡಿಯ ತೆರೆಗೂ ದೀಪ ಸರಿಯಾಗಿಯೇ ಕೆಂಪಾಗಿದೆ. ಆದರೆ ನೆತ್ತಿ ಹದಿನಾರು ದಾಟಿ ಆರಡಿಯ ದೊಡ್ಡ ಪೆಟ್ಟಿಗೆಯೊಳಗೆ ತಲೆ ಹಾಕಿತೆಂದರೆ ಅಲ್ಲಿ ಅದು ನೀರೂ ಅಲ್ಲ ಗಾಳಿಯೂ ಅಲ್ಲ, ತೆಳ್ಳನೆಯ ಗಂಜಿತಿಳಿ. ಅರ್ಧಕ್ಕಿಂತ ಕಡಿಮೆ ನೀರಿದ್ದ ಪೆಟ್ಟಿಗೆಯನ್ನು ಯಂತ್ರ ತೆರೆಯೆಂದೇ ಎಣಿಸುವುದಿಲ್ಲ. ನೆತ್ತಿ ಕಲಸಿಹೋಗುತ್ತದೆ, ಅದರ ಕಸುವೂ ಅಲ್ಲೇ ಸೋರಿಹೋಗುತ್ತದೆ, ಬಾಗಿಲಿಗೆ ಬರುವಾಗ ಉಳಿಯುವುದು ನಾಲ್ಕಡಿ. ಅದನ್ನು ಅವರು ಮರಳ ದಂಡೆಯ ಮೇಲೆ ತೆರೆ ಒಡೆಯುತ್ತದೆ ಎಂದು ಓದಿಕೊಂಡಿದ್ದರು. ಒಡೆದದ್ದು ಮರಳಿಗಲ್ಲ, ಅವಳು ಹದಿನಾರಡಿಗೆ ಹಾಕಿದ ಸೂರಿಗೆ. ಹೊರಗಿನ ತೆರೆ ದೊಡ್ಡದಾದಷ್ಟೂ ಹೆಚ್ಚು ನೆತ್ತಿ ಕಲಸುತ್ತದೆ, ಬಾಗಿಲಲ್ಲಿ ಅಂಕಿ ಅಷ್ಟೂ ಇಳಿಯುತ್ತದೆ. ಮೂರು ಬಲೆಗಳೂ ಒಂದೇ ಉತ್ತರ ಕೊಟ್ಟದ್ದು ಮೂರಕ್ಕೂ ಅವಳು ಒಂದೇ ಸೂರು ಹಾಕಿದ್ದರಿಂದ.

"ಪಟ್ಟಿ ಮೂವತ್ತಡಿವರೆಗೆ ಏರಿಸಿ ಮತ್ತೆ ಓಡಿಸ್ಬೇಕು ಸರ್."

"ಎಷ್ಟು ಹೊತ್ತು ಹಿಡೀತದೆ?"

"ಹನ್ನೊಂದು ಗಂಟೆ."

ಮಧ್ಯಸ್ಥರು ಗಡಿಯಾರ ನೋಡಿದರು. ಎರಡು ದಾಟಿತ್ತು. ತೆರೆಗಳ ದಪ್ಪ ಗುಂಪು ಬಾಗಿಲಿಗೆ ಬರುವುದು ಐದೂವರೆಗೆ.

"ಇಡೀ ಕಡಲು ಬೇಡ ಸರ್, ಒಂದು ಸೀಳು ಸಾಕು," ಎಂದಳು ಪ್ರಮೀಳಾ. ಹೊರಗಿನಿಂದ ಬಾಗಿಲವರೆಗೆ ನೇರ ಗೆರೆಯಲ್ಲಿ, ಕಲ್ಲಂಗಡಿಯ ಹೋಳಿನಷ್ಟು ತೆಳುವಾಗಿ ಕಡಲನ್ನು ಕತ್ತರಿಸಿಕೊಂಡಳು. ಅಗಲ ಬಿಟ್ಟು ಎತ್ತರ ಮಾತ್ರ ಇಟ್ಟುಕೊಂಡರೆ ನಲವತ್ತೇ ನಿಮಿಷ. ಕೂತಳು. ಮಧ್ಯಸ್ಥರು ಹಿಂದೆ ನಿಂತು ಪರದೆ ನೋಡಿದರು.

ಮೂರಕ್ಕೆ ಐದು ನಿಮಿಷವಿರುವಾಗ ಸೀಳಿನಲ್ಲಿ ತೆರೆ ದಂಡೆಯ ಹತ್ತಿರ ಬಂತು. ದಂಡೆಯ ಮೇಲೆ ಅದು ಒಡೆಯಲಿಲ್ಲ. ಮೈ ಕುಗ್ಗಿಸಿಕೊಂಡು, ಬೆನ್ನೆತ್ತಿ, ಬಾಗಿಲಿನ ಎದುರಿಗೆ ಬಂದು ನೇರ ಎದ್ದು ನಿಂತಿತು. ಇಪ್ಪತ್ತೊಂದಡಿ. ಅದರ ಹಿಂದೆ ಇನ್ನೊಂದು, ಇನ್ನೊಂದು.

ಮೂರು ಗಂಟೆಗೆ ಸರಿಯಾಗಿ ಅಧಿಕೃತ ಲೆಕ್ಕವೂ ಬಂತು. ಮೂರೂವರೆ ಅಡಿ. ಹಸಿರು.

"ದೀಪ ಕೆಂಪು ಮಾಡಿ ಸರ್."

"ನನ್ನ ಕೈಯಲ್ಲಿ ಸ್ವಿಚ್ಚೇ ಇಲ್ಲ. ನಿಮಗೇ ಗೊತ್ತಲ್ಲ, ತೆಗೆಸಿದ್ದು ಯಾಕೆ ಅಂತಲೂ ಗೊತ್ತು." ಮಧ್ಯಸ್ಥರ ದನಿಯಲ್ಲಿ ಚುಚ್ಚು ಇರಲಿಲ್ಲ, ಬರೀ ಸುಸ್ತು ಇತ್ತು.

ಮೂರು ವರ್ಷದ ಹಿಂದೆ ಮೋಡ ಕಂಡು ಮನಸ್ಸು ತಡೆಯದೆ ಪ್ರಮೀಳಾ ಕೈಯಾರೆ ದೀಪ ಕೆಂಪು ಮಾಡಿದ್ದಳು. ಒಂದು ಹಗಲು ಪೂರ್ತಿ ಬೋಟುಗಳು ಹೊರಗೆ ಕಾದವು, ಐಸು ಕರಗಿತು, ಮೀನು ಕೊಳೆಯಿತು, ಕಡಲು ಮಾತ್ರ ಕೆರೆಯಂತೆ ಬಿದ್ದುಕೊಂಡಿತ್ತು. ಊರು ಕೇಂದ್ರದ ಬಾಗಿಲಿಗೆ ಕೊಳೆತ ಮೀನು ತಂದು ಸುರಿಯಿತು. ಆಮೇಲೆ ಕೈಸ್ವಿಚ್ಚು ಹೋಯಿತು. ಮನುಷ್ಯರ ಊಹೆ ಸೇರದ ಶುದ್ಧ ಲೆಕ್ಕ ಎಂದು ಊರವರಿಗೆ ಮಾತು ಕೊಟ್ಟರು.

ಮಧ್ಯಸ್ಥರು ರಾಜಧಾನಿಯ ಕಚೇರಿಗೆ ಫೋನು ಮಾಡಿದರು. ಕಾದರು, ವಿವರಿಸಿದರು, ಒಮ್ಮೆ ಕೂಗಿಯೂ ಬಿಟ್ಟರು. ಕೂಗುವವರೇ ಅಲ್ಲ ಅವರು. ಸೀಳಿನ ಲೆಕ್ಕಕ್ಕೆ ಮಾನ್ಯತೆ ಇಲ್ಲ, ಆರು ಗಂಟೆಯ ಲೆಕ್ಕ ನೋಡಿ ಆಮೇಲೆ ತೀರ್ಮಾನಿಸೋಣ ಎಂದು ಉತ್ತರ ಬಂತು. ಗೋಪುರ ಹತ್ತಿ ದೀಪ ಒಡೆದರೂ ಪ್ರಯೋಜನವಿರಲಿಲ್ಲ, ಹಸಿರು ಎಲ್ಲ ಬೋಟುಗಳ ಪರದೆಯಲ್ಲೂ ಉರಿಯುತ್ತಿತ್ತು. ಉಳಿದದ್ದು ವೈರ್‌ಲೆಸ್ ಒಂದೇ.

"ಅಣ್ಣಾ, ಬಾಗ್ಲ್ ದಾಟ್ಬೇಡ. ಹೊರ್ಗೇ ನಿಲ್. ತೆರಿ ಇಪ್ಪತ್ತಡಿ ಬತ್ತ್."

ಗರಗರ ಸದ್ದಿನ ನಡುವೆ ಚಂದ್ರಹಾಸನ ದನಿ ಬಂತು. "ಎಂತ ಹೇಳ್ತೆ ನೀ? ದೀಪ ಹಸ್ರ್ ಇತ್ತಲೆ. ಮೂರೂವರಿ ಅಡಿ ಅಂತಿತ್ತ್."

"ದೀಪ ತಪ್ಪ್ ಹೇಳ್ತಿತ್ತ್."

"ನಿನ್ನ ದೀಪವೇ ಬಾ ಅಂತಿತ್ತ್, ನೀ ಬೇಡ ಅಂತೆ. ನಾ ಯಾರನ್ ನಂಬುದ್?"

ಎಲ್ಲ ಬೋಟಿನವರೂ ಕೇಳುವ ಚಾನೆಲ್ಲು ಅದು. ಯಾರೋ ನಕ್ಕರು. "ಪ್ರಮೀಳಕ್ಕಂದ್ ಮತ್ತ್ ಶುರುವಾಯ್ತ್ ಕಾಣ್. ಈ ಸಲ ನಮ್ ಮೀನ್ ಕೊಳಿಸುದ್ ಬೇಡ ಅಕ್ಕಾ," ಎಂದದ್ದು ಸಾಗರಲಕ್ಷ್ಮಿ ಬೋಟಿನ ನಾರ್ಣ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಮನೆ ಸೇರುವ ಹೊತ್ತಿನ ತಮಾಷೆ ಅಷ್ಟೇ. ಪ್ರಮೀಳಾಳಿಗೆ ಅಳು ಬಂತು. ಏಳು ವರ್ಷ ಇವರಿಗೆ ಎಣಿಸುವುದನ್ನು ಮರೆಸಿದವಳು ತಾನೇ, ಈಗ ನಂಬಬೇಡಿ ಎನ್ನಲು ಯಾವ ಬಾಯಿ?

ಕೈಯಲ್ಲಿ ಹಿಡಿಯುವ ಚಿಕ್ಕ ವೈರ್‌ಲೆಸ್ ಎತ್ತಿಕೊಂಡು ಅವಳು ದಿಬ್ಬಕ್ಕೆ ಓಡಿದಳು. ಅಲ್ಲಿ ಹಾಳುಬಿದ್ದ ಐಸ್ ಪ್ಲಾಂಟಿನ ತಾರಸಿಯ ಮೇಲೆ ಆಗಲೇ ಹೆರಿಯಜ್ಜ ನಿಂತಿದ್ದ. ಎಪ್ಪತ್ತೆಂಟರ ಮುದುಕನನ್ನು ಏಣಿ ಹತ್ತಿಸಿ ಹಿಂದೆ ನಿಂತವಳು ವಾರಿಜ. ಅವಳ ಕೈಗಳಲ್ಲಿ ಇನ್ನೂ ಮಸಾಲೆಯಿತ್ತು.

"ಮಾವ ಪೆಟ್ಟಿಗಿಂದ ಪಂಚಿ ತೆಗಿ ಅಂದ್ರ್, ತೆಗ್ದ್ ಕೊಟ್ಟೆ," ಎಂದಳು. "ಎಂತ ಆತ್ತ್ ಪ್ರಮೀಳಾ?"

ಪ್ರಮೀಳಾ ಕಡಲ ಕಡೆ ಕೈ ತೋರಿಸಿದಳು. ಐದು ಗಂಟೆ ದಾಟಿತ್ತು. ಬೋಟುಗಳು ಸಾಲಾಗಿ ಬರುತ್ತಿದ್ದವು, ಮುಂದೆ ಜಲದುರ್ಗೆ. ಕಡಲು ನುಣ್ಣಗಿತ್ತು. ಅಷ್ಟು ನುಣ್ಣಗಿನ ನೀರಿನಲ್ಲಿ ಬೋಟುಗಳು ನಿಧಾನಕ್ಕೆ ಮೇಲೆ ಹೋಗುತ್ತಿದ್ದವು, ನಿಧಾನಕ್ಕೆ ಕೆಳಗೆ ಬರುತ್ತಿದ್ದವು. ಹೆರಿಯಜ್ಜ ಕೆಂಪು ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಬೀಸತೊಡಗಿದ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಹಸಿರು ದೀಪ ಬಿಟ್ಟು ಆ ಬೀಸನ್ನು ನಂಬುವವನು ಆ ಮೂವತ್ತೊಂದು ಬೋಟುಗಳಲ್ಲಿ ಒಬ್ಬನೇ, ಈ ತಂದೆಯ ಕಾಲ ಬಳಿ ಕೂತು ಬೆಳೆದವನು.

ಜಲದುರ್ಗೆಯ ವೇಗ ತಗ್ಗಿತು.

"ಅಪ್ಪಯ್ಯ ಅಡ್ಡ ಬೀಸ್ತಿದ್ರ್," ವೈರ್‌ಲೆಸ್ಸಿನಲ್ಲಿ ಚಂದ್ರಹಾಸನ ದನಿ ಬೇರೆಯೇ ಆಗಿತ್ತು. "ನಿಲ್ಸಿ. ಎಲ್ರೂ ನಿಲ್ಸಿ. ಒಬ್ರೂ ಬಪ್ಪುದ್ ಬೇಡ."

ಬೋಟನ್ನು ತಿರುಗಿಸಿ ದಾರಿಗೆ ಅಡ್ಡ ನಿಲ್ಲಿಸಿಬಿಟ್ಟ. ಹಿಂದಿನವರು ಹಾರ್ನು ಹೊಡೆದರು, ಬೈದರು, ಆದರೂ ಒಬ್ಬೊಬ್ಬರಾಗಿ ನಿಂತರು. ನಾರ್ಣ ಮಾತ್ರ ನಿಲ್ಲಲಿಲ್ಲ. "ಅಜ್ಜಯ್ಯಂಗೆ ಅರಳು ಮರಳ್, ನಿಂಗೆಂತ ಆಯ್ತ್ ಚಂದ್ರಣ್ಣ? ದೀಪ ಹಸ್ರ್ ಇತ್ತ್ ಮಾರಾಯಾ," ಎನ್ನುತ್ತ ಜಲದುರ್ಗೆಯ ಬದಿಯಿಂದ ನುಸುಳಿ ಬಾಗಿಲಿಗೆ ಬಂದ. ಸಾಗರಲಕ್ಷ್ಮಿಯಲ್ಲಿ ಐದು ಜನ.

ಮೊದಲು ನೀರು ಹಿಂದಕ್ಕೆ ಹೋಯಿತು. ಬಾಗಿಲಿನ ತಳದ ಮರಳು ಕಂಡಿತು. ಪ್ರಮೀಳಾ ಹುಟ್ಟಿದಾಗಿನಿಂದ ನೋಡದ ಮರಳು ಅದು. ಆಮೇಲೆ ಸದ್ದೇ ಇಲ್ಲದೆ ಅದು ಎದ್ದಿತು. ಗೆರೆಕಲ್ಲಿನ ಒಂದೊಂದೇ ಗೆರೆ ಮುಳುಗಿತು. ಬಿಳಿ ನೆತ್ತಿ ಒಂದು ಕ್ಷಣ ಕಂಡು ಮಾಯವಾಯಿತು. ಅದರ ಮೇಲೆ ಇನ್ನೂ ನೀರಿತ್ತು. ಎಷ್ಟು ಎಂದು ಹೇಳಲು ಅಲ್ಲಿ ಏನೂ ಇರಲಿಲ್ಲ. ಅವಳ ಅಂಗೈಯ ಮೊಬೈಲಿನಲ್ಲಿ ಹಸಿರು ಬಣ್ಣ, ಮೂರೂವರೆ ಅಡಿ.

"ಒಂದ್," ಎಂದ ಹೆರಿಯಜ್ಜ.

ಸಾಗರಲಕ್ಷ್ಮಿ ಮಗುಚಿತ್ತು. ನೀರಿನಲ್ಲಿ ತಲೆಗಳು ಕಾಣುತ್ತಿದ್ದವು, ಕೂಗು ಕೇಳುತ್ತಿತ್ತು. ಹೊರಗೆ ನಿಂತವರು ತಡೆಯಲಾರದೆ ಇಂಜಿನ್ನು ಶುರು ಮಾಡಿದರು. ಮುದುಕ ಪಂಚೆಯನ್ನು ಅಡ್ಡಕ್ಕೇ ಬೀಸುತ್ತಿದ್ದ. ಅವನ ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. "ಎರಡ್." ವಾರಿಜ ಕಿವಿ ಮುಚ್ಚಿಕೊಂಡಳು. "ಅಪ್ಪಯ್ಯ, ಅವ್ರ್ ಮುಳುಗ್ತಿದ್ರ್," ಎಂದು ವೈರ್‌ಲೆಸ್ಸಿನಲ್ಲಿ ಚಂದ್ರಹಾಸ ಗೋಗರೆದ. "ಮೂರ್." ಒಂಬತ್ತರವರೆಗೂ ಎಣಿಸಿ, ಕಡಲನ್ನು ಇನ್ನೊಮ್ಮೆ ನೋಡಿ, ಆಮೇಲೆ ಅವನು ಪಂಚೆಯನ್ನು ಮೇಲೆ ಕೆಳಗೆ ಬೀಸಿದ. ಜಲದುರ್ಗೆ ನುಗ್ಗಿತು. ಐವರಲ್ಲಿ ಮೂವರು ಸಿಕ್ಕರು. ನಾರ್ಣ ಸಿಗಲಿಲ್ಲ.

ವಿಚಾರಣೆ ನಡೆಯಿತು. ಮೂರೂ ಬಲೆಗಳ ಉತ್ತರ ಹೊಂದಿಕೆಯಾಗಿದ್ದರಿಂದ ಯಾರ ತಪ್ಪೂ ಇಲ್ಲ ಎಂದು ಬರೆದರು. ಆ ಸಾಲನ್ನು ಓದಿದ ರಾತ್ರಿಯಿಂದ ಪ್ರಮೀಳಾಳಿಗೆ ನಿದ್ದೆ ದೂರವಾಯಿತು. ತಪ್ಪು ಎಂದು ಬೈದಿದ್ದರೆ ಮಲಗುತ್ತಿದ್ದಳೋ ಏನೋ.

ಹೊಸ ಸೂರು ಎಷ್ಟಿರಲಿ ಎಂದು ಕೇಳಿದಾಗ ಅವಳು ಮೂವತ್ತು ಎಂದು ಬರೆದು, ಕೆಳಗೆ ಒಂದು ಸಾಲು ಸೇರಿಸಿದಳು. ಚಿಕ್ಕ ಪೆಟ್ಟಿಗೆಗಳ ಮೇಲಿನ ಕೊನೆಯ ಸಾಲಿಗೆ ಒಂದು ಹನಿ ನೀರು ತಾಗಿದರೂ ಯಂತ್ರ ಅಂಕಿ ಕೊಡಬಾರದು, ದೀಪ ಹಸಿರೂ ಅಲ್ಲದೆ ಕೆಂಪೂ ಅಲ್ಲದೆ ಬಿಳಿಯಾಗಬೇಕು. ಗೊತ್ತಿಲ್ಲ ಎನ್ನಲು ಇಷ್ಟು ದೊಡ್ಡ ಯಂತ್ರ ಯಾಕೆ ಎಂದು ಮೇಲಿನವರು ಗೇಲಿ ಮಾಡಿದರು. ಮಧ್ಯಸ್ಥರು ರಾಜೀನಾಮೆಯನ್ನು ಮೇಜಿನ ಮೇಲಿಟ್ಟು ಆ ಸಾಲನ್ನು ಉಳಿಸಿದರು.

ನೂಲ ಹುಣ್ಣಿಮೆ ಬಂತು. ಹೆರಿಯಜ್ಜನಿಗೆ ಏಣಿ ಹತ್ತಲು ಆಗುತ್ತಿರಲಿಲ್ಲ. ಗೆರೆಕಲ್ಲಿನ ನೆತ್ತಿಗೆ ಪ್ರಮೀಳಾ ತಾನೇ ಸುಣ್ಣ ಬಳಿದಳು. ಇಳಿದು ಬರುವಾಗ ನಾರ್ಣನ ಹೆಂಡತಿ ಗಿರಿಜ ಎದುರಿಗೆ ನಿಂತಿದ್ದಳು. ಗೋಪುರದ ಕಡೆ ಕೈ ತೋರಿಸಿದಳು.

"ಹೊಸ್ತಾಗಿ ಬಿಳಿ ದೀಪ ಹಾಕಿರಂಬ್ರಲೆ. ಬಿಳಿ ಅಂದ್ರೆ ಎಂತ ಅಕ್ಕಾ?"

"ಗೊತ್ತಿಲ್ಲೆ ಅಂದೇಳಿ."

ಗಿರಿಜ ಅವಳ ಸುಣ್ಣದ ಕೈಗಳನ್ನು ನೋಡಿದಳು. "ಅಷ್ಟ್ ಮೊದ್ಲೇ ಹೇಳುಕ್ ಆತಿತ್ತಲೆ," ಎಂದು ತಿರುಗಿ ಹೋದಳು.

ಮಳೆಗಾಲ ಮುಗಿಯಿತು, ಚಳಿ ಮುಗಿಯಿತು. ಬಿಳಿ ದೀಪ ಒಮ್ಮೆಯೂ ಹತ್ತಲಿಲ್ಲ. ಊರು ಅದನ್ನು ಮರೆಯತೊಡಗಿತು.

ಏಪ್ರಿಲ್ಲಿನ ಒಂದು ಬೆಳಿಗ್ಗೆ, ಎಲೆಯೂ ಅಲುಗದಷ್ಟು ಗಾಳಿ ಸತ್ತಿದ್ದಾಗ, ಗೋಪುರದ ಮೇಲೆ ಅದು ಹತ್ತಿತು. ಹಗಲಿನಲ್ಲಿ ಬಿಳಿ ದೀಪ ಅಷ್ಟಾಗಿ ಕಾಣುವುದಿಲ್ಲ, ಆದರೂ ಎಲ್ಲರಿಗೂ ಕಂಡಿತು. ನೂರಿಪ್ಪತ್ತು ಬೋಟುಗಳೂ ಬಂದರಿನ ದಕ್ಕೆಯಲ್ಲೇ ನಿಂತವು. ದಕ್ಕೆಯ ಮೇಲಿದ್ದವರು ಬಿಚ್ಚಿದ್ದ ಹಗ್ಗಗಳನ್ನು ಮತ್ತೆ ಬಿಗಿದರು. ಪ್ರಮೀಳಾ ಮನೆಗೆ ಬಂದು ಜಗಲಿಯಲ್ಲಿ ಅಪ್ಪನ ಪಕ್ಕ ಕೂತಳು.

ಹೆರಿಯಜ್ಜ ತೊಡೆಯ ಮೇಲೆ ಬಲೆ ಹರಡಿಕೊಂಡು, ದಿಬ್ಬದ ಕಡೆ ಕಿವಿಗೊಟ್ಟು, ತೆರೆ ಬೀಳುವ ಸದ್ದು ಕೇಳಿದ ಕೂಡಲೇ ಕಣ್ಣು ಕಟ್ಟತೊಡಗಿದ. ಒಂದು ಕಟ್ಟಿ ಮುಗಿಸಿದ. ನಾರ್ಣ ಹೋದ ದಿನ ಅಷ್ಟರಲ್ಲಿ ಮುಂದಿನ ತೆರೆ ಬಿದ್ದಿತ್ತು. ಎರಡು ಕಟ್ಟಿ ಮುಗಿಸಿದ. ಮೂರನೆಯದಕ್ಕೆ ಸೂಜಿ ಹಾಕಿ ಮಗಳ ಮುಖ ನೋಡಿದ. ಮುಂದಿನ ತೆರೆಯ ಸದ್ದು ಇನ್ನೂ ಬಂದಿರಲಿಲ್ಲ.